ಒಂದೇ ದಾರಿಯಲ್ಲಿ ಹೋದರೂ ಒಬ್ಬೊಬ್ಬರಿಗೆ ಒಂದೊಂದು ಕಾಣುವುದೇಕೆ?

ಕಣ್ಣಿಗೆ ಬಿದ್ದದ್ದೆಲ್ಲ ಗಮನಕ್ಕೆ ಬರುವುದಿಲ್ಲ, ಅಷ್ಟೇ. ಮೆದುಳಿಗೆ ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಶಕ್ತಿಯಿಲ್ಲ. ಹಾಗಾಗಿ ನಮಗೆ ಬೇಕಾದದ್ದು ಮೊದಲು ಒಳಗೆ ಬರುತ್ತದೆ.

ಗಂಗಾವತಿಯಿಂದ ಆನೆಗೊಂದಿ ಕಡೆ ಹೋಗುವ ಬಸ್ಸಿನಲ್ಲಿ ಕೂತು ನೋಡಿ. ಭತ್ತ ಬೆಳೆಯುವವರಿಗೆ ಗರಿಯ ತುದಿ ಹಳದಿ ತಿರುಗಿದ್ದು, ಕಾಲುವೆಯಲ್ಲಿ ನೀರು ಇಳಿದದ್ದು ಓಡುವ ಬಸ್ಸಿನಿಂದಲೇ ಕಾಣುತ್ತದೆ. ಪಕ್ಕದಲ್ಲಿ ಕೂತ, ಬಂಡೆ ಹತ್ತುವ ಹುಚ್ಚಿನ ಹುಡುಗನಿಗೆ ಆ ಗದ್ದೆ ಬರೀ ಹಸಿರು. ಅವನ ಲಕ್ಷ್ಯವೆಲ್ಲ ಗುಂಡುಕಲ್ಲಿನ ಬಿರುಕಿನ ಮೇಲೆ, ಬೆರಳು ಎಲ್ಲಿ ಸಿಕ್ಕಿಸಬಹುದು ಅಂತ.

ಆಸಕ್ತಿ ಇದ್ದರೆ ಕಣ್ಣು ಚುರುಕಾಗುತ್ತದೆ ಅಂತಾರೆ. ಅದು ಅರ್ಧ ಸತ್ಯ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಕ್ಯಾನ್ ನೋಡಿ ರೋಗ ಗುರುತಿಸುವ ವೈದ್ಯರಾದ 24 ರೇಡಿಯಾಲಜಿಸ್ಟ್‌ಗಳು ಶ್ವಾಸಕೋಶದ ಸಿಟಿ ಸ್ಕ್ಯಾನ್‌ನಲ್ಲಿ ಗಂಟು ಹುಡುಕುತ್ತಿದ್ದರು. ಅದರಲ್ಲೇ ಗೊರಿಲ್ಲಾ ಚಿತ್ರವೊಂದನ್ನು ಸೇರಿಸಿದ್ದರು, ಗಂಟಿಗಿಂತ ಎಷ್ಟೋ ಪಟ್ಟು ದೊಡ್ಡದು. 20 ಮಂದಿಗೆ ಅದು ಕಾಣಲೇ ಇಲ್ಲ! ಹುಡುಕಾಟ ತೀವ್ರವಾದಷ್ಟೂ ಅದರಾಚೆಯದು ತಪ್ಪಿಹೋಗುವ ಸಾಧ್ಯತೆ ಹೆಚ್ಚು.

ಆದರೆ ಇದು ಕಟ್ಟುನಿಟ್ಟಿನ ನಿಯಮವೇನಲ್ಲ, ತನ್ನ ಕೆಲಸದಾಚೆಯದೂ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನವನ್ನು 1915ರಲ್ಲಿ ಗುರುತಿಸಿದ ಬೀಡನ್ ಇತಿಹಾಸಕಾರರಲ್ಲ, ಚಿನ್ನದ ಗಣಿಯ ಎಂಜಿನಿಯರ್.