ತಾಯಿಗಿದ್ದ ಉರಿಮೂತ್ರ ಮಗಳಿಗೂ ಬರುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ. ಮದುವೆಯಾದ ವರ್ಷದೊಳಗೆ ಮೂರು ಸಲ ಉರಿಮೂತ್ರ ಬಂದಿದೆ. ಆ ವಯಸ್ಸಿನಲ್ಲಿ ನನಗೂ ಹೀಗೇ ಆಗುತ್ತಿತ್ತು. ನನ್ನ ತಾಯಿಯವರು ಮುಪ್ಪಿನಲ್ಲಿ ಇದರಿಂದ ಬಹಳ ನರಳಿದರು. ಬೀಗರ ಮನೆಯಲ್ಲಿ, ಹುಡುಗಿಗೆ ಶುಚಿತ್ವ ಸಾಲದು ಎನ್ನುತ್ತಿದ್ದಾರೆ. ಇದು ವಂಶದಿಂದ ಬರುವ ಕಾಯಿಲೆಯೇ? ನನ್ನ ಹಳೆಯ ಚೀಟಿಯಲ್ಲಿರುವ ಮಾತ್ರೆಯನ್ನೇ ಅವಳಿಗೂ ಕೊಡಬಹುದೇ?
– ಹೆಸರು ಬೇಡ, ಹಾವೇರಿ

ಉತ್ತರ: ಉರಿಮೂತ್ರಕ್ಕೆ ಸಾಮಾನ್ಯ ಕಾರಣ ಮೂತ್ರದ ಸೋಂಕು. ಆ ಸೋಂಕು ವಂಶದಿಂದ ಬರುವುದಿಲ್ಲ, ಅದಕ್ಕೆ ಬೇಗ ಈಡಾಗುವ ದೇಹಸ್ವಭಾವ ಮಾತ್ರ ಬರಬಹುದು. ಅಮೆರಿಕದ ಸಿಯಾಟಲ್‌ನಲ್ಲಿ 18ರಿಂದ 30 ವರ್ಷದ ಮಹಿಳೆಯರ ಬಗ್ಗೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಾಯಿಗೆ ಮೂತ್ರದ ಸೋಂಕು ಬಂದಿದ್ದವರಿಗೆ ಅದು ಮರುಕಳಿಸುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಈ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಸ್ತ್ರೀಯರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ ಉದ್ದವಿರುವುದರಿಂದ ಅದು ಮೂತ್ರಕೋಶಕ್ಕೆ ಸುಲಭವಾಗಿ ಏರುತ್ತದೆ, ಮತ್ತು ತನ್ನ ಮೈಮೇಲಿನ ಸೂಕ್ಷ್ಮ ಎಳೆಗಳಿಂದ ಅಲ್ಲಿನ ಜೀವಕೋಶಗಳ ಮೇಲಿರುವ ಸಕ್ಕರೆಯ ಅಣುಗಳಿಗೆ ಅಂಟಿಕೊಳ್ಳುತ್ತದೆ. ಆ ಅಣುಗಳ ಸ್ವರೂಪವೂ, ರೋಗಾಣು ಬಂದಾಗ ದೇಹ ಎಷ್ಟು ಚುರುಕಾಗಿ ಎದುರಿಸುತ್ತದೆ ಎಂಬುದೂ ಬಹುಮಟ್ಟಿಗೆ ಹುಟ್ಟಿನಿಂದ ಬಂದವು. ಇದಕ್ಕೆ ಯಾವುದೋ ಒಂದೇ ಜೀನ್ ಕಾರಣವಲ್ಲ, ಆದ್ದರಿಂದ ಜೀನ್ ಪರೀಕ್ಷೆಗೆಂದು ಹಣ ಖರ್ಚು ಮಾಡಬೇಕಾಗಿಲ್ಲ.

ನಿಮ್ಮ ಬೀಗರ ಮಾತಿನಿಂದ ನನಗೆ ನಿಜಕ್ಕೂ ನೋವಾಯಿತು. ಪ್ರಾಯದ ಹೆಣ್ಣುಮಕ್ಕಳಲ್ಲಿ ಸೋಂಕು ಮರುಕಳಿಸಲು ಎಲ್ಲಕ್ಕಿಂತ ದೊಡ್ಡ ಕಾರಣ ದಾಂಪತ್ಯದ ಕೂಡುವಿಕೆ. ಮದುವೆಯ ಹೊಸದರಲ್ಲಿ ಉರಿಮೂತ್ರ ಕಾಣಿಸಿಕೊಳ್ಳುವುದು ಅದರಿಂದಲೇ, ಮತ್ತು ಅದರಲ್ಲಿ ಯಾರ ತಪ್ಪೂ ಇಲ್ಲ. ಒರೆಸಿಕೊಳ್ಳುವ, ತೊಳೆದುಕೊಳ್ಳುವ ರೀತಿಗೂ ಈ ಸೋಂಕಿಗೂ ಇಂಥ ಅಧ್ಯಯನಗಳಲ್ಲಿ ಸ್ಪಷ್ಟವಾದ ನಂಟು ಕಂಡುಬಂದಿಲ್ಲ. ಬೈಗುಳಕ್ಕೆ ಹೆದರಿ ಹುಡುಗಿ ಡೆಟಾಲ್, ಸೋಪು ಹಾಕಿ ಒಳಭಾಗವನ್ನು ತೊಳೆಯತೊಡಗಿದರೆ ಅಲ್ಲಿ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೇ ನಾಶವಾಗುತ್ತವೆ. ನಿಮ್ಮ ಅಳಿಯನಿಗೆ ಈ ವಿಷಯವನ್ನು ನೀವೇ ನೇರವಾಗಿ ತಿಳಿಸಿ ಹೇಳುವುದು ಒಳ್ಳೆಯದು.

ನಿಮ್ಮ ತಾಯಿಯವರ ವಿಷಯ ಬೇರೆಯಿರಬಹುದು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಪದರ ತೆಳುವಾಗುತ್ತದೆ, ಸೋಂಕು ಹೆಚ್ಚುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನಷ್ಟು.

ಹಳೆಯ ಚೀಟಿಯ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ. ಅಂದು ನಿಮಗೆ ಕೆಲಸ ಮಾಡಿದ ಆಂಟಿಬಯೋಟಿಕ್‌ಗೆ ಇಂದಿನ ರೋಗಾಣು ಜಗ್ಗದೆ ಇರಬಹುದು; ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ದಿನ ನುಂಗಿ ಬಿಡುವುದರಿಂದ ಈ ತೊಡಕು ಹೆಚ್ಚುತ್ತದೆ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ನಿಮ್ಮ ಮಗಳು ಆ ಲೆಕ್ಕಕ್ಕೆ ಬಂದಿದ್ದಾಳೆ, ಆದ್ದರಿಂದ ಮುಂದಿನ ಸಲ ಉರಿ ಶುರುವಾದ ಕೂಡಲೇ, ಮಾತ್ರೆ ನುಂಗುವ ಮುನ್ನವೇ, ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ, ಆಗಲೇಬೇಕು. ಲ್ಯಾಬಿನವರು ಕೊಡುವ ಡಬ್ಬಿಯ ಒಳಗೆ ಬೆರಳು ತಾಗಿಸದೆ, ಮೊದಲು ಬರುವ ಮೂತ್ರವನ್ನು ಬಿಟ್ಟು ನಡುವಿನದನ್ನು ಹಿಡಿದು, ಮುಚ್ಚಳ ಬಿಗಿದು ತಡಮಾಡದೆ ತಲುಪಿಸಬೇಕು. ಯಾವ ಔಷಧ ನಾಟುತ್ತದೆ ಎಂಬುದು ಆ ವರದಿಯಲ್ಲೇ ಇರುತ್ತದೆ. ನೀರು ಕಡಿಮೆ ಕುಡಿಯುವವಳಾಗಿದ್ದರೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಯಲಿ. ಹಾಗೆ ಮಾಡಿದವರಲ್ಲಿ ಸೋಂಕು ಸುಮಾರು ಅರ್ಧಕ್ಕಿಳಿದದ್ದನ್ನು 2018ರ ಅಧ್ಯಯನವೊಂದು ತೋರಿಸಿದೆ. ಬಾರ್ಲಿ ನೀರು, ಎಳನೀರು ಬೇಡವೆನ್ನುವುದಿಲ್ಲ, ಆದರೆ ಅವು ಚಿಕಿತ್ಸೆಯಲ್ಲ. ಚಳಿಜ್ವರ, ಪಕ್ಕೆನೋವು, ವಾಂತಿ ಬಂದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅವಳು ಗರ್ಭಿಣಿಯಾದಾಗ ಮೊದಲ ಭೇಟಿಯಲ್ಲೇ ನಿಮ್ಮ ಮನೆತನದ ಈ ಹಿನ್ನೆಲೆಯನ್ನು ವೈದ್ಯರಿಗೆ ಹೇಳಿ, ಉರಿ ಇಲ್ಲದಿದ್ದರೂ ಕಲ್ಚರ್ ಮಾಡಿಸಿ. ಬಸಿರಿನಲ್ಲಿ ಸೋಂಕು ಲಕ್ಷಣ ತೋರದೆಯೇ ಇದ್ದು ಮೂತ್ರಪಿಂಡಕ್ಕೆ ಏರಬಲ್ಲದು, ಮತ್ತು ಕೆಲವು ಮಾತ್ರೆಗಳನ್ನು ಆಗ ಕೊಡುವಂತಿಲ್ಲ.