ಪಿಕೆಎಕ್ಸೆಕ್ ದೋಷ: ಅಪ್‌ಡೇಟ್ ಆದ ಮೇಲೂ ಸ್ಕ್ಯಾನರ್ ಕೂಗುತ್ತಿದ್ದರೆ

ಪ್ರಶ್ನೆ: ನಾನು ನೋಡಿಕೊಳ್ಳುವ ಹಳೆಯ ಸರ್ವರ್ ಒಂದು ಉಬುಂಟು 20.04ರಲ್ಲಿ ಓಡುತ್ತಿದೆ. ಅದರಲ್ಲಿ ವೆಬ್‌ಸೈಟ್ ಇದೆ, ಏಳೆಂಟು ಜನರಿಗೆ ಎಸ್‌ಎಸ್‌ಎಚ್ ಲಾಗಿನ್ ಇದೆ, ಎಲ್ಲರೂ ನಂಬಿಕಸ್ಥರೇ. ಭದ್ರತಾ ಸ್ಕ್ಯಾನರ್ ಓಡಿಸಿದಾಗ ಪೋಲ್‌ಕಿಟ್ (ಯಾರಿಗೆ ಯಾವ ಆಡಳಿತ ಕೆಲಸಕ್ಕೆ ಅನುಮತಿ ಎಂದು ನಿರ್ಧರಿಸುವ ತಂತ್ರಾಂಶ) 0.105ರಲ್ಲಿ ಸಿವಿಇ-2021-4034 ಎಂಬ ಸಂಖ್ಯೆಯ, ಅದರ ಪಿಕೆಎಕ್ಸೆಕ್ ಪ್ರೋಗ್ರಾಮಿನ ದೋಷ ಇದೆ ಎಂದಿತು. ಅಪ್‌ಡೇಟ್ ಮಾಡಿದೆ. ಆದರೂ ಆವೃತ್ತಿ 0.105 ಅಂತಲೇ ಇದೆ, ಸ್ಕ್ಯಾನರ್ ಹಾಡಿದ್ದೇ ಹಾಡುತ್ತಿದೆ. ಲಾಗಿನ್ ಇದ್ದವರಷ್ಟೇ ಬಳಸಬಹುದಾದ 'ಲೋಕಲ್' ದೋಷಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ? ದೋಷ ಹೋಗಿದೆಯೋ ಇಲ್ಲವೋ ಖಚಿತವಾಗಿ ತಿಳಿಯುವುದು ಹೇಗೆ?

ಉತ್ತರ: ಮೊದಲು ಆವೃತ್ತಿಯ ಗೊಂದಲ ಬಿಡಿಸೋಣ. 0.105 ಎಂಬುದು ಪೋಲ್‌ಕಿಟ್ ಬರೆದವರು ಕೊಟ್ಟ ಸಂಖ್ಯೆ. ಉಬುಂಟು, ಡೆಬಿಯನ್, ರೆಡ್‌ ಹ್ಯಾಟ್‌ನವರು ಹೊಸ ಆವೃತ್ತಿಗೆ ಹಾರುವುದಿಲ್ಲ. ಹಳೆಯದಕ್ಕೇ ಪ್ಯಾಚ್ ಹಚ್ಚಿ ಹೈಫನ್‌ನ ಆಚೆಗಿನ ಭಾಗವನ್ನಷ್ಟೇ ಏರಿಸುತ್ತಾರೆ. ನೀವು ನೋಡಬೇಕಾದ್ದು ಆ ಬಾಲವನ್ನು. ಉಬುಂಟು 20.04ರಲ್ಲಿ ಪಾಲಿಸಿಕಿಟ್-1 (ಪೋಲ್‌ಕಿಟ್‌ನ ಪ್ಯಾಕೇಜ್ ಹೆಸರು) ಪ್ಯಾಕೇಜು 0.105-26ಉಬುಂಟು1.2 ಅಥವಾ ಅದಕ್ಕಿಂತ ಮುಂದಿನದಿದ್ದರೆ ದೋಷ ಮುಚ್ಚಿದೆ. ಡೆಬಿಯನ್ 11ರಲ್ಲಿ ಅದು 0.105-31+ಡೆಬ್11ಯು1. ಅನುಮಾನವಿದ್ದರೆ ಪ್ಯಾಕೇಜಿನ ಚೇಂಜ್‌ಲಾಗ್ (ಬದಲಾವಣೆಗಳ ದಾಖಲೆ) ತೆರೆದು ಸಿವಿಇ ಸಂಖ್ಯೆ ಹುಡುಕಿ. ಅಲ್ಲಿ ಅದು ಕಂಡರೆ ಸ್ಕ್ಯಾನರ್ ಕೇವಲ ಮೊದಲ ಅಂಕಿ ನೋಡಿ ಕೂಗುತ್ತಿದೆ ಎಂದರ್ಥ. ಇಂಥ ಸುಳ್ಳು ಎಚ್ಚರಿಕೆ ತಪ್ಪಿಸಲು ಸ್ಕ್ಯಾನರ್‌ಗೆ ಸರ್ವರಿನೊಳಗೆ ಲಾಗಿನ್ ಆಗಿ ಪ್ಯಾಕೇಜ್ ಪಟ್ಟಿ ಓದಲು ಅವಕಾಶ ಕೊಡಿ.

ಇನ್ನು 'ಲೋಕಲ್' ಎಂಬ ಮಾತು. ದಾಳಿಗಾರ ಕೀಬೋರ್ಡಿನ ಮುಂದೆಯೇ ಕೂತಿರಬೇಕು ಅಂತ ಅದರ ಅರ್ಥವಲ್ಲ. ಆ ಯಂತ್ರದಲ್ಲಿ ಯಾವುದಾದರೂ ಒಂದು ಖಾತೆಯ ಹೆಸರಿನಲ್ಲಿ ಕೋಡ್ ಓಡಿಸಲು ಸಾಧ್ಯವಾದರೆ ಸಾಕು. ನಿಮ್ಮ ಏಳೆಂಟು ಜನ ನಂಬಿಕಸ್ಥರಿರಬಹುದು, ಆದರೆ ವೆಬ್ ಸರ್ವರ್ ಓಡುವ ಖಾತೆಯನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಫೈಲ್ ಅಪ್‌ಲೋಡ್ ಮಾಡುವ ಹಳೆಯ ಪ್ಲಗಿನ್ನೊಂದರ ಮೂಲಕ ಒಳಬಂದವನಿಗೆ ಸಿಗುವುದು ಆ ಬಡ ಖಾತೆ. ಅಲ್ಲಿಂದ ರೂಟ್‌ಗೆ, ಅಂದರೆ ಸರ್ವಾಧಿಕಾರದ ಖಾತೆಗೆ, ಏರಲು ಈ ದೋಷ ಮೆಟ್ಟಿಲು. ಈ ದೋಷಕ್ಕೆ ಮೆಮೊರಿ ವಿಳಾಸ ಊಹಿಸುವ, ಸಮಯ ಸಾಧಿಸುವ ರಗಳೆ ಇಲ್ಲ. ಪೋಲ್‌ಕಿಟ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಸೇವೆ) ನಿಂತಿದ್ದರೂ ದಾಳಿ ನಡೆಯುತ್ತದೆ, ಏಕೆಂದರೆ ಲೋಪ ಇರುವುದು ಪಿಕೆಎಕ್ಸೆಕ್ ಎಂಬ ಸೆಟ್‌ಯೂಐಡಿ ಪ್ರೋಗ್ರಾಮಿನಲ್ಲಿ. ಸೆಟ್‌ಯೂಐಡಿ ಎಂದರೆ ಯಾರು ಕರೆದರೂ ಫೈಲಿನ ಮಾಲೀಕನ, ಇಲ್ಲಿ ರೂಟ್‌ನ, ಅಧಿಕಾರದಲ್ಲಿ ಓಡುವುದು.

ಲೋಪವೇನೆಂದು ತಿಳಿದರೆ ಪರಿಹಾರಗಳ ತರ್ಕವೂ ತಿಳಿಯುತ್ತದೆ. ಪ್ರೋಗ್ರಾಮ್ ಶುರುವಾಗುವಾಗ ಕರ್ನಲ್ ಅದರ ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿ ಆರ್ಗ್ಯುಮೆಂಟ್ (ಕರೆಯುವಾಗ ಕೊಟ್ಟ ಪದಗಳು) ಪಟ್ಟಿ ಇಟ್ಟು, ಕೊನೆಗೊಂದು ನಲ್ (ಪಟ್ಟಿ ಮುಗಿಯಿತೆಂಬ ಖಾಲಿ ಗುರುತು) ಹಾಕಿ, ಅದಕ್ಕೆ ತಾಗಿಕೊಂಡೇ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಪ್ರೋಗ್ರಾಮಿಗೆ ಹೊರಗಿನಿಂದ ಬರುವ ಸೆಟ್ಟಿಂಗ್‌ಗಳು) ಪಟ್ಟಿ ಇಡುತ್ತದೆ. ಸೊನ್ನೆಯ ಸ್ಥಾನದಲ್ಲಿ ಪ್ರೋಗ್ರಾಮಿನ ಹೆಸರು ಇದ್ದೇ ಇರುತ್ತದೆಂದು ನಂಬಿ ಪಿಕೆಎಕ್ಸೆಕ್ 1ರಿಂದ ಎಣಿಸುತ್ತಿತ್ತು. ಖಾಲಿ ಪಟ್ಟಿ ಕೊಟ್ಟು ಕರೆದರೆ ಸೊನ್ನೆಯಲ್ಲಿ ನಲ್ ಇರುತ್ತದೆ, 1ನೇ ಸ್ಥಾನದಲ್ಲಿ ಮೊದಲ ಎನ್ವಿರಾನ್‌ಮೆಂಟ್ ವೇರಿಯಬಲ್ ಕೂತಿರುತ್ತದೆ. ಪಿಕೆಎಕ್ಸೆಕ್ ಅದನ್ನೇ ತಾನು ಓಡಿಸಬೇಕಾದ ಪ್ರೋಗ್ರಾಮಿನ ಹೆಸರೆಂದು ಓದಿ, ಪಾಥ್‌ನಲ್ಲಿ (ಪ್ರೋಗ್ರಾಮ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಹುಡುಕಿ, ಸಿಕ್ಕ ಪೂರ್ಣ ಹೆಸರನ್ನು ಅದೇ ಜಾಗದಲ್ಲಿ ಬರೆದುಬಿಡುತ್ತಿತ್ತು. ಸೆಟ್‌ಯೂಐಡಿ ಪ್ರೋಗ್ರಾಮಿನ ಮುಖ್ಯ ಕೋಡ್ ಶುರುವಾಗುವ ಮುಂಚೆಯೇ ಡೈನಾಮಿಕ್ ಲೋಡರ್ (ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ತುಂಬುವ ಭಾಗ) ಜಿಕಾನ್ವ್_ಪಾಥ್‌ನಂಥ (ಅಕ್ಷರ ಪರಿವರ್ತನೆಯ ಲೈಬ್ರರಿ ಎಲ್ಲಿದೆ ಎಂದು ತೋರಿಸುವ) ಅಪಾಯದ ವೇರಿಯಬಲ್‌ಗಳನ್ನು ಕಿತ್ತುಹಾಕುತ್ತದೆ ನಿಜ. ಆದರೆ ಈ ಬರೆಯುವಿಕೆ ನಡೆಯುವುದು ಆ ತಪಾಸಣೆ ಮುಗಿದ ಮೇಲೆ. ಕಿತ್ತುಹಾಕಿದ್ದು ಹಿಂಬಾಗಿಲಿನಿಂದ ವಾಪಸ್ ಬರುತ್ತದೆ. ಮುಂದೆ ಪಿಕೆಎಕ್ಸೆಕ್ ಒಂದು ದೋಷ ಸಂದೇಶ ಮುದ್ರಿಸಲು ಹೋಗುವಾಗ ಅಕ್ಷರ ಪರಿವರ್ತನೆಗೆಂದು ಆ ವೇರಿಯಬಲ್ ತೋರಿಸಿದ ಜಾಗದಿಂದ ಲೈಬ್ರರಿ ಎತ್ತಿಕೊಳ್ಳುತ್ತದೆ. ಆ ಲೈಬ್ರರಿ ದಾಳಿಗಾರನದ್ದು, ಓಡುವುದು ರೂಟ್ ಆಗಿ. ಮೇ 2009ರ ಮೊದಲ ಆವೃತ್ತಿಯಿಂದಲೂ ಇದ್ದ ಇದನ್ನು ಕ್ವಾಲಿಸ್ ಸಂಸ್ಥೆ ಬಹಿರಂಗಪಡಿಸಿದ್ದು 2022ರ ಜನವರಿ 25ರಂದು.

ಪ್ಯಾಚ್ ಹಾಕಲಾಗದ ಯಂತ್ರವಿದ್ದರೆ ಪಿಕೆಎಕ್ಸೆಕ್ ಫೈಲಿನ ಪರ್ಮಿಶನ್ ಅನ್ನು ಚ್‌ಮಾಡ್ ಆದೇಶದಿಂದ 0755ಕ್ಕೆ ಇಳಿಸಿ, ಸೆಟ್‌ಯೂಐಡಿ ಗುರುತು ತೆಗೆಯಿರಿ. ಫೈಲು ಪಟ್ಟಿ ತೋರಿಸುವ ಎಲ್‌ಎಸ್ ಆದೇಶದ ದೀರ್ಘ ಪಟ್ಟಿಯಲ್ಲಿ ಮಾಲೀಕನ ಮೂರನೆಯ ಅಕ್ಷರ 'ಎಸ್' ಹೋಗಿ 'ಎಕ್ಸ್' ಬಂದಿರಬೇಕು. ಸುಡೋಗೆ ಏನೂ ಆಗುವುದಿಲ್ಲ. ಜಿಪಾರ್ಟೆಡ್‌ನಂತೆ ಪಿಕೆಎಕ್ಸೆಕ್ ಮೂಲಕ ಪಾಸ್‌ವರ್ಡ್ ಕೇಳುವ ಡೆಸ್ಕ್‌ಟಾಪ್ ಟೂಲುಗಳು ಮಾತ್ರ ನಿಲ್ಲುತ್ತವೆ. ಒಂದು ಎಚ್ಚರ: ಅದೇ ಹಳೆಯ ಪ್ಯಾಕೇಜನ್ನು ಯಾರಾದರೂ ಮರು ಇನ್‌ಸ್ಟಾಲ್ ಮಾಡಿದರೆ 'ಎಸ್' ಸದ್ದಿಲ್ಲದೆ ಮರಳುತ್ತದೆ. ಡೆಬಿಯನ್ ಕುಟುಂಬದಲ್ಲಿ ಡಿಪಿಕೆಜಿ-ಸ್ಟ್ಯಾಟ್‌ಓವರ್‌ರೈಡ್ ಬಳಸಿದರೆ ಬದಲಾವಣೆ ಉಳಿಯುತ್ತದೆ.

ನಿಮ್ಮಂಥ ವೆಬ್ ಸರ್ವರಿಗೆ ಇನ್ನೊಂದು ಬೇಲಿ ಹಾಕಬಹುದು, ನನ್ನ ಮಟ್ಟಿಗೆ ಇದೇ ಹೆಚ್ಚು ಬಾಳುವಂಥದ್ದು: ವೆಬ್ ಸರ್ವರ್ ಮತ್ತು ಪಿಎಚ್‌ಪಿಯ ಸಿಸ್ಟಂಡಿ ಯೂನಿಟ್‌ಗಳಲ್ಲಿ (ಸೇವೆಗಳನ್ನು ಓಡಿಸುವ ಸೆಟ್ಟಿಂಗ್ ಫೈಲುಗಳು) ನೋನ್ಯೂಪ್ರಿವಿಲೇಜಸ್ ಆಯ್ಕೆಗೆ 'ಯೆಸ್' ಕೊಡುವುದು. ಆ ಸೇವೆಯಿಂದ ಹುಟ್ಟುವ ಯಾವ ಪ್ರೊಸೆಸ್‌ಗೂ ಆಮೇಲೆ ಸೆಟ್‌ಯೂಐಡಿಯಿಂದ ಅಧಿಕಾರ ಏರದು. ಪಿಕೆಎಕ್ಸೆಕ್ ಒಂದಕ್ಕೇ ಅಲ್ಲ, ನಾಳೆ ಬರುವ ಇಂಥದ್ದೇ ಇನ್ನೊಂದಕ್ಕೂ ಇದು ಅಡ್ಡಿ. ಆದರೆ ಪಿಎಚ್‌ಪಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರಿನ ಸೆಂಡ್‌ಮೇಲ್ ಮೂಲಕ ಮೇಲ್ ಕಳಿಸುತ್ತಿದ್ದರೆ ಅದು ಕೈಕೊಡುತ್ತದೆ. ಅಲ್ಲಿರುವ ಪೋಸ್ಟ್‌ಡ್ರಾಪ್ ಸೆಟ್‌ಜಿಐಡಿ ಪ್ರೋಗ್ರಾಮ್, ಅಂದರೆ ಫೈಲಿನ ಗುಂಪಿನ ಹಕ್ಕಿನಲ್ಲಿ ಓಡುವಂಥದ್ದು. ಗುಂಪಿನ ಹಕ್ಕು ಸಿಗದೆ ಪತ್ರ ಸರದಿಗೆ ಸೇರುವುದಿಲ್ಲ. ಮೇಲ್ ಅನ್ನು ಎಸ್‌ಎಂಟಿಪಿ ಮೂಲಕ ಲೋಕಲ್‌ಹೋಸ್ಟ್‌ಗೆ ಕಳಿಸುವಂತೆ ಬದಲಿಸಿ.

ಪ್ರಶ್ನೆ: ಪ್ಯಾಚ್ ಹಾಕಿದ ಮೇಲೆ ರೀಬೂಟ್ ಬೇಕೆ? ಮುಂಚೆಯೇ ಯಾರಾದರೂ ಬಳಸಿಕೊಂಡಿದ್ದರೆ ಗೊತ್ತಾಗುತ್ತದೆಯೆ?

ಉತ್ತರ: ರೀಬೂಟ್ ಬೇಡ. ಪಿಕೆಎಕ್ಸೆಕ್ ಸದಾ ಓಡುವ ಸೇವೆಯಲ್ಲ, ಮುಂದಿನ ಸಲ ಕರೆದಾಗ ಹೊಸ ಫೈಲೇ ಓಡುತ್ತದೆ. ಕಂಟೇನರ್ ಇಮೇಜುಗಳೊಳಗೆ ಪ್ರತ್ಯೇಕ ಪೋಲ್‌ಕಿಟ್ ಇದ್ದರೆ ಅವನ್ನು ಬೇರೆಯಾಗಿಯೇ ಕಟ್ಟಬೇಕು.

ಗುರುತಿನ ವಿಚಾರ ಅಷ್ಟು ಸಲೀಸಲ್ಲ. ಸಾಮಾನ್ಯ ದಾಳಿ ಕೋಡುಗಳು ಆಥ್ ಲಾಗ್‌ನಲ್ಲಿ (ಲಾಗಿನ್, ಅನುಮತಿಗಳ ದಾಖಲೆ) ಸಾಲು ಬಿಡುತ್ತವೆ: ಶೆಲ್ ವೇರಿಯಬಲ್‌ನ ಮೌಲ್ಯ ಇಟಿಸಿಯ ಶೆಲ್ಸ್ ಫೈಲಿನಲ್ಲಿಲ್ಲ ಎಂದು, ಅಥವಾ ವೇರಿಯಬಲ್‌ನಲ್ಲಿ ಸಂಶಯಾಸ್ಪದ ವಿಷಯವಿದೆ ಎಂದು ಪಿಕೆಎಕ್ಸೆಕ್ ದೂರಿರುತ್ತದೆ. ಆ ಸಾಲು ಇದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. ಇಲ್ಲದಿದ್ದರೆ ನಿಶ್ಚಿಂತೆ ಬೇಡ, ಸುಳಿವು ಬಿಡದೆಯೂ ದಾಳಿ ಮಾಡಬಹುದು. ಯೂಐಡಿ 0 (ರೂಟ್‌ನ ಗುರುತು ಸಂಖ್ಯೆ) ಇರುವ ಹೆಚ್ಚುವರಿ ಖಾತೆ, ರೂಟ್‌ನ ಎಸ್‌ಎಸ್‌ಎಚ್ ಕೀಗಳು, ಕ್ರಾನ್ (ನಿಗದಿತ ಸಮಯಕ್ಕೆ ಓಡುವ ಕೆಲಸಗಳು) ಇವನ್ನು ನೋಡಿ. ಫೈಂಡ್ ಆದೇಶಕ್ಕೆ ಪರ್ಮಿಶನ್ ಮೈನಸ್ 4000 ಕೊಟ್ಟು ಸೆಟ್‌ಯೂಐಡಿ ಫೈಲುಗಳ ಪಟ್ಟಿ ತೆಗೆದು, ಯಾವ ಪ್ಯಾಕೇಜಿಗೂ ಸೇರದ್ದು ಇದೆಯೇ ಪರೀಕ್ಷಿಸಿ. ಟೆಂಪ್ ಫೋಲ್ಡರಿನಲ್ಲಿ ಸೆಟ್‌ಯೂಐಡಿ ಶೆಲ್ ಸಿಕ್ಕರೆ ಮುಂದೆ ಹುಡುಕುತ್ತಾ ಕೂರಬೇಡಿ. ರೂಟ್ ಆದವನು ಲಾಗನ್ನೂ ತಿದ್ದಬಲ್ಲ. ಯಂತ್ರವನ್ನು ನೆಟ್‌ವರ್ಕಿನಿಂದ ಬಿಡಿಸಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ, ಅದರಲ್ಲಿದ್ದ ಪಾಸ್‌ವರ್ಡ್, ಕೀಗಳನ್ನೆಲ್ಲ ಬದಲಿಸಿ. ಹೇಗೂ ಮರು ಇನ್‌ಸ್ಟಾಲ್ ಮಾಡುವುದಾದರೆ 20.04 ಹಾಕಬೇಡಿ, ಅದರ ಸಾಮಾನ್ಯ ಬೆಂಬಲ 2025ರಲ್ಲೇ ಮುಗಿದಿದೆ.