ಗಂಡು ಕರು ಹುಟ್ಟದಂತೆ ಮಾಡಿದರೆ ಪಾಪವೇ?

ದನ, ನಾಯಿ, ಕುರಿ ಸಾಕುವವರ ಪತ್ರಗಳಿಗೆ ಜಮಖಂಡಿಯ ನಿವೃತ್ತ ಪಶುವೈದ್ಯರ ಉತ್ತರ

ಪ್ರಶ್ನೆ: ಸಾಹೇಬ್ರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಆಕಳಿವೆ. ಒಂದೊಂದು ದಿನಕ್ಕೆ 12 ಲೀಟರ್ ಹಾಲು ಕೊಡುತ್ತದೆ. ಡೇರಿಯಲ್ಲಿ ಲೀಟರಿಗೆ 35 ರೂಪಾಯಿ. ಈ ವರ್ಷ ಮೂರಕ್ಕೂ ಹೋರಿಗರುಗಳೇ ಹುಟ್ಟಿದವು. ಎರಡು ಉಳಿಯಲಿಲ್ಲ. ಹೇಗೆ ಉಳಿಯಲಿಲ್ಲ ಎಂದು ನಿಮಗೆ ಗೊತ್ತಿರುತ್ತದೆ, ಬರೆಯಲು ಕೈ ಬರುತ್ತಿಲ್ಲ. ಮೂರನೆಯದು ಹನ್ನೊಂದು ದಿನದ್ದು, ಹಿತ್ತಲಲ್ಲಿ ಕಟ್ಟಿದ್ದೇವೆ. ಹೆಣ್ಣುಗರು ಮಾತ್ರ ಹುಟ್ಟುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಬಂದಿದೆ, ಮುಂದಿನ ಸಲ ಅದನ್ನೇ ಮಾಡೋಣ ಎಂದು ಇಂಜೆಕ್ಷನ್ ಮಾಡುವವರು ಹೇಳಿದರು. ನಮ್ಮ ಅತ್ತೆಗೆ ಸಿಟ್ಟು ಬಂತು. "ಮನಷ್ಯಾರೊಳಗ ಹೆಣ್ಣ ಬ್ಯಾಡ ಅಂದ್ರಿ. ಈಗ ದನದಾಗ ಗಂಡ ಬ್ಯಾಡ ಅಂತೀರೇನು?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಇದು ಪಾಪವೇ?
– ಹೆಸರು ಬೇಡ, ಇಂಡಿ ತಾಲೂಕು

ಉತ್ತರ: ತಂಗೀ, ಮೊದಲು ಒಂದು ಕೆಲಸ ಮಾಡು. ಈ ಪತ್ರಿಕೆ ಕೆಳಗಿಟ್ಟು ಹಿತ್ತಲಿಗೆ ಹೋಗಿ ಆ ಕರುವಿಗೆ ಹಾಲು ಕುಡಿಸಿ ಬಾ. ಉಳಿದದ್ದನ್ನು ಆಮೇಲೆ ಓದು.

ನಿನ್ನ ಅತ್ತೆಯ ಮಾತನ್ನು ಎರಡು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಹಿರಿಯರು ಸುಮ್ನೆ ಆಡಿದ ಮಾತಲ್ಲ ಅದು. ಹೊಟ್ಟೆಯಲ್ಲಿರುವುದು ಹೆಣ್ಣು ಎಂದು ಗೊತ್ತು ಮಾಡಿಕೊಂಡು ತೆಗೆಸುವವರನ್ನು ತಡೆಯಲು ನಮ್ಮ ದೇಶಕ್ಕೆ 1994ರಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಆ ಕಾಲ ಕಂಡ ಹೆಂಗಸಿಗೆ "ಇಂಥದ್ದೇ ಹುಟ್ಟಲಿ" ಎಂಬ ಮಾತು ಕೇಳಿದರೆ ಎದೆ ಝಲ್ ಎನ್ನುವುದು ಸಹಜ. ಅವರಿಗೆ ನನ್ನ ನಮಸ್ಕಾರ ತಿಳಿಸು.

ಆದರೆ ಈ ಇಂಜೆಕ್ಷನ್ನಿನಲ್ಲಿ ಆಗುವುದು ಬೇರೆ. ಕರು ಹೆಣ್ಣೋ ಗಂಡೋ ಎನ್ನುವುದು ಹೋರಿಯ ವೀರ್ಯದಿಂದ ತೀರ್ಮಾನವಾಗುತ್ತದೆ. ಎಕ್ಸ್ ಎಂಬ ವರ್ಣತಂತು ಇರುವ ವೀರ್ಯಾಣು ಸೇರಿದರೆ ಹೆಣ್ಣು, ವೈ ಇರುವುದು ಸೇರಿದರೆ ಗಂಡು. ದನಗಳಲ್ಲಿ ಎಕ್ಸ್ ವೀರ್ಯಾಣುವಿನೊಳಗೆ ಡಿಎನ್‌ಎ ಸುಮಾರು ನೂರಕ್ಕೆ ನಾಲ್ಕರಷ್ಟು ಜಾಸ್ತಿ. ವೀರ್ಯಕ್ಕೆ ಒಂದು ಬಣ್ಣ ಹಾಕಿ ಲೇಸರ್ ಬೆಳಕಿನ ಮುಂದೆ ಹರಿಸಿದಾಗ ಎಕ್ಸ್ ಇರುವುದು ತುಸು ಹೆಚ್ಚು ಹೊಳೆಯುತ್ತದೆ. ಯಂತ್ರ ಅದನ್ನು ಆರಿಸಿ ಕಡ್ಡಿಗೆ, ಅಂದರೆ ಸಣ್ಣ ಕೊಳವೆಗೆ, ತುಂಬುತ್ತದೆ. ಹತ್ತು ಕರು ಹುಟ್ಟಿದರೆ ಸುಮಾರು ಒಂಬತ್ತು ಹೆಣ್ಣಾಗುತ್ತವೆ. ಇಲ್ಲಿ ಯಾವ ಗರ್ಭವನ್ನೂ ಕೆಡವುವುದಿಲ್ಲ. ಗಂಡು ಕರು ಹುಟ್ಟಿ ಸಾಯುವ ಬದಲು ಹುಟ್ಟುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಇದು ಪಾಪವಲ್ಲ.

ನಾನು ಹಾಗೆ ಹೇಳುವುದಕ್ಕೆ ಒಂದು ಕಾರಣವಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

1990ರ ದಶಕ. ಜಮಖಂಡಿ ಹತ್ತಿರದ ಒಂದು ತೋಟದ ಮನೆಗೆ ಕೆಚ್ಚಲು ಬಾವು ಬಂದ ಆಕಳನ್ನು ನೋಡಲು ಹೋಗಿದ್ದೆ. ಚಿಕಿತ್ಸೆ ಮುಗಿಸಿ ಕೈ ತೊಳೆಯಲು ಹಿಂದೆ ಹೋದರೆ ಕಣಕಿ ಬಣವಿಯ ನೆರಳಿಗೆ ಒಂದು ಗಂಡು ಕರು ಕಟ್ಟಿತ್ತು. ಕಪ್ಪು ಬಿಳುಪು ಮೈ, ಐದಾರು ದಿನದ್ದು. ಹಗ್ಗವನ್ನೇ ಅಗಿಯುತ್ತಿತ್ತು. ಹತ್ತಿರ ಹೋದೆ. ನನ್ನ ಬೆರಳು ಚೀಪತೊಡಗಿತು. ನಾಲಿಗೆ ತಣ್ಣಗಿತ್ತು. ಕರುವಿನ ಬಾಯಿ ತಣ್ಣಗಾದರೆ ಏನರ್ಥ ಎಂದು ಪಶುವೈದ್ಯನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮನೆಯವರು ಚಹಾಕ್ಕೆ ಕರೆದರು. ಹೋಗಿ ಕುಡಿದೆ. ಏನೂ ಕೇಳಲಿಲ್ಲ. ಮೂರನೇ ದಿನ ಆಕಳನ್ನು ನೋಡಲು ಮತ್ತೆ ಹೋದಾಗ ಬಣವಿಯ ಹತ್ತಿರ ಬರೀ ಹಗ್ಗ ಬಿದ್ದಿತ್ತು.

ಆ ಆಕಳಿಗೆ ಇಂಜೆಕ್ಷನ್ ಮಾಡಿದ್ದು ನಾನೇ. ಕಡ್ಡಿಯ ನಂಬರು, ತಾರೀಖು ಎಲ್ಲ ನನ್ನ ರಿಜಿಸ್ಟರಿನಲ್ಲೇ ಇತ್ತು. ಕರು ಹುಟ್ಟಿತು ಎಂದು ಟಿಕ್ ಹಾಕುವ ಕಾಲಂ ಇತ್ತು. ಆಮೇಲೆ ಅದು ಏನಾಯಿತು ಎಂದು ಬರೆಯಲು ಕಾಲಂ ಇರಲಿಲ್ಲ. ನಾನೂ ಹುಡುಕಲಿಲ್ಲ. ಹಾಲು ಹೆಚ್ಚಾಗಬೇಕು ಎಂದು ನಾವು ಊರೂರಿಗೆ ಎಚ್‌ಎಫ್ ತಳಿ ಹಬ್ಬಿಸಿದೆವು. ಅರ್ಧ ಕರುಗಳು ಗಂಡು ಆಗುತ್ತವೆ ಎನ್ನುವುದು ಮೊದಲ ದಿನದಿಂದಲೇ ಗೊತ್ತಿತ್ತು ಅಲ್ವಾ? ಅವುಗಳಿಗೆ ಡುಬ್ಬ ಇಲ್ಲ, ನೊಗ ಸರಿಯಾಗಿ ಕೂರುವುದಿಲ್ಲ, ನಮ್ಮ ಬಿಸಿಲು ತಾಳುವುದಿಲ್ಲ. ಅಷ್ಟರಲ್ಲಿ ಟ್ರ್ಯಾಕ್ಟರೂ ಬಂತು. 2021ರಿಂದ ನಮ್ಮ ರಾಜ್ಯದಲ್ಲಿ ಆಕಳು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗಷ್ಟೇ ವಿನಾಯಿತಿ. ಕತ್ತಿ ತಪ್ಪಿದ ಕರುವನ್ನು ಹಸಿವಿನ ಕೈಗೆ ಕೊಟ್ಟರೆ ಅದಕ್ಕೆ ಏನು ಒಳ್ಳೆಯದಾಯಿತು? ಕತ್ತಿಗಿಂತ ಹಸಿವು ನಿಧಾನ.

ನಿಮ್ಮ ಕಡೆಯೇ ನೋಡು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಉಳುಮೆಯ ನಾಡತಳಿಯಾದ ಖಿಲಾರಿ ಹೋರಿಗಳು ಬರುತ್ತವೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಝೂಲಾ. ಖಿಲಾರಿಗೆ ಹೋರಿಗರು ಹುಟ್ಟಿದರೆ ಮನೆಯವರು ಆರತಿ ಎತ್ತುತ್ತಾರೆ. ಪಕ್ಕದ ಕೊಟ್ಟಿಗೆಯಲ್ಲಿ ಎಚ್‌ಎಫ್ ಆಕಳಿಗೆ ಹೋರಿಗರು ಹುಟ್ಟಿದರೆ ಮುಖ ತಿರುಗಿಸುತ್ತಾರೆ. ಎರಡೂ ಕರು ಹುಟ್ಟಿದಾಗ ತಾಯಿ ಒಂದೇ ಥರ ನೆಕ್ಕುತ್ತದೆ.

ನಮ್ಮ ಕೃಷ್ಣಾ ತೀರದ ತಳಿಯ ಕಥೆಯೂ ಹೀಗೇ. ಅದು ದೇವರು ಹಾಗೇ ಕೊಟ್ಟ ತಳಿಯಲ್ಲ, ಮನುಷ್ಯರು ಮಾಡಿದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಂಗ್ಲಿ ಕಡೆಯ ಅರಸರು ಗಿರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ತರಿಸಿ ಇಲ್ಲಿನ ದನಗಳಿಗೆ ಕೂಡಿಸಿದರು. ಎರಿ (ಕಪ್ಪು ಮಣ್ಣಿನ) ಹೊಲ ಉಳುವ ದೊಡ್ಡ ಎತ್ತು ಬೇಕಿತ್ತು. ಎತ್ತಿನ ಕೆಲಸ ಹೋಯಿತು, ತಳಿಯೂ ಕರಗಿತು. ಇವತ್ತು ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ತಳಿ ಬದಲಿಸುವುದು ಹೊಸದಲ್ಲ. ನಮ್ಮ ಸಲುವಾಗಿ ಹುಟ್ಟಿಸಿದ ಜೀವವನ್ನು ಕೆಲಸ ಮುಗಿದ ಮೇಲೆ ಯಾರು ನೋಡಿಕೊಳ್ಳಬೇಕು ಎನ್ನುವುದಕ್ಕೆ ನಾವು ಆಗಲೂ ಉತ್ತರ ಕೊಡಲಿಲ್ಲ.

ಹೊಸ ಇಂಜೆಕ್ಷನ್ನಿನ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲರೂ ಕೆಲವೇ ಹೋರಿಗಳ ಕಡ್ಡಿ ಬಳಸಿದರೆ ಒಂದು ಹೋರಿಯ ದೋಷ ಊರಿಗೆಲ್ಲ ಹಂಚಿಹೋಗುತ್ತದೆ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಯ ಹೆಣ್ಣುಮಕ್ಕಳು ಬಹಳ ಹಾಲು ಕೊಟ್ಟವು. ಜಗತ್ತೆಲ್ಲ ಅದರ ವಂಶ ಹಬ್ಬಿತು. ಅದರ ಒಂದು ಜೀನಿನಲ್ಲಿ ದೋಷವಿತ್ತು. ತಾಯಿ, ತಂದೆ ಇಬ್ಬರಿಂದಲೂ ಅದು ಬಂದರೆ ಗರ್ಭ ನಿಲ್ಲುವುದಿಲ್ಲ. ಆ ಒಂದು ದೋಷದಿಂದ ಸುಮಾರು ಐದು ಲಕ್ಷ ಗರ್ಭಗಳು ಹೋಗಿವೆ ಎಂದು ವಿಜ್ಞಾನಿಗಳು ಆಮೇಲೆ ಅಂದಾಜು ಮಾಡಿದರು. ಅದಕ್ಕೇ ಪ್ರತಿ ಸಲ ಕಡ್ಡಿಯ ಮೇಲಿನ ಹೋರಿಯ ನಂಬರು ಬರೆದಿಟ್ಟುಕೋ. ತಾಯಿಗೆ ಬಳಸಿದ್ದನ್ನೇ ಮಗಳಿಗೆ ಬಳಸಬೇಡ. ಮೊದಲ ಸಲ ಬೆದೆಗೆ ಬರುವ ಮಣಕಗಳಲ್ಲಿ ಈ ಕಡ್ಡಿ ಚೆನ್ನಾಗಿ ಗರ್ಭ ಕಟ್ಟುತ್ತದೆ, ಸೂಲು ಜಾಸ್ತಿ ಆದ ಆಕಳಲ್ಲಿ ಒಮ್ಮೊಮ್ಮೆ ನಿಲ್ಲುವುದಿಲ್ಲ. ಖಿಲಾರಿ ಆಕಳಿದ್ದರೆ ಅದಕ್ಕೆ ಖಿಲಾರಿ ಕಡ್ಡಿಯನ್ನೇ ಹಾಕಿಸು.

ಈಗ ಹಿತ್ತಲಿನ ಕರುವಿನ ಮಾತು. ಮೊದಲ ತಿಂಗಳು ದಿನಕ್ಕೆ ಮೂರು ಲೀಟರ್, ಎರಡನೇ ತಿಂಗಳು ಎರಡು ಲೀಟರ್. ಒಟ್ಟು 150 ಲೀಟರ್, ನಿನ್ನ ಡೇರಿ ದರದಲ್ಲಿ 5,250 ರೂಪಾಯಿ. ಸಣ್ಣ ಹಣ ಎಂದು ನಾನು ಹೇಳುವುದಿಲ್ಲ. ಅದೇ ಎರಡು ತಿಂಗಳಲ್ಲಿ ಅದರ ತಾಯಿ 720 ಲೀಟರ್ ಕೊಡುತ್ತದೆ. ಆ ಹಾಲು ಬಂದದ್ದೇ ಈ ಕರು ಹುಟ್ಟಿದ್ದರಿಂದ. ಹದಿನೈದು ದಿನ ದಾಟಿದ ಮೇಲೆ ಒಂದು ಹಿಡಿ ಹಿಂಡಿ, ಎಳೇ ಹುಲ್ಲು ಮುಂದಿಡು, ಬೇಗ ಕಲಿಯುತ್ತದೆ. ಜಂತಿನ ಔಷಧಿ ಹಾಕಿಸು. ಬೆಳೆದ ಮೇಲೆ ಬೀಜ ಒತ್ತಿಸಿ ಹಗುರ ಕೆಲಸಕ್ಕೆ ಕಲಿಸಬಹುದು. ಎರಡು ಎಕರೆ ಇರುವವರು ಬೆಳಗಿನ ತಂಪಿನಲ್ಲಿ ಇಂಥ ಎತ್ತಿನಿಂದ ಎಡೆ ಹೊಡೆಯುವುದನ್ನು ನಾನು ಕಂಡಿದ್ದೇನೆ. ಮುಂದೆಯೂ ಹತ್ತರಲ್ಲಿ ಒಂದು ಗಂಡು ಹುಟ್ಟುತ್ತದೆ. ಇಂಜೆಕ್ಷನ್ ಮಾಡಿಸುವ ದಿನವೇ ಮನೆಯವರೆಲ್ಲ ಕೂತು ಆ ಒಂದಕ್ಕೂ ಗಿಣ್ಣದ ಹಾಲಿನಿಂದ ಹಿಡಿದು ಪಾಲು ಕೊಡುತ್ತೇವೆ ಎಂದು ಒಪ್ಪಿಕೊಳ್ಳಿ. ಒಪ್ಪದಿದ್ದರೆ ಎರಡೇ ಆಕಳು ಇಟ್ಟುಕೊಳ್ಳಿ.

ಆ ಎರಡು ಕರುಗಳ ಬಗ್ಗೆ ಕೈ ಬರಲಿಲ್ಲ ಎಂದು ಬರೆದಿದ್ದೀಯ. ನನಗೂ ಇದನ್ನು ಬರೆಯಲು ಮೂವತ್ತು ವರ್ಷ ಹಿಡಿಯಿತು.

ಪ್ರಶ್ನೆ: ಡಾಕ್ಟರ್ ಕಾಕಾ, ನನ್ನ ಮುಧೋಳ ನಾಯಿ ರಾಜಾನಿಗೆ ಹನ್ನೆರಡು ವರ್ಷ. ಅಂಥ ಓಟದ ನಾಯಿ ನಮ್ಮ ಸೀಮೆಯಲ್ಲೇ ಇಲ್ಲ. ಹೊರದೇಶದಲ್ಲಿ ಚರ್ಮದ ಚೂರು ಕೊಟ್ಟರೆ ಅದೇ ನಾಯಿ ಮಾಡಿಕೊಡುತ್ತಾರಂತೆ. ಹಣ ಕೂಡಿಸಬಹುದೇ? ಅದು ಆಗದಿದ್ದರೆ ರಾಜಾನ ಮಗಳಿಗೇ ರಾಜಾನನ್ನು ಕೂಡಿಸಿದರೆ ರಕ್ತ ಶುದ್ಧ ಉಳಿಯುತ್ತದೆಯೇ?
– ಕಾಲೇಜು ವಿದ್ಯಾರ್ಥಿ, ಮುಧೋಳ ತಾಲೂಕು

ಉತ್ತರ: ತಮ್ಮಾ, ರಾಜಾನ ಮೇಲಿನ ನಿನ್ನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮೊದಲ ತದ್ರೂಪಿ ನಾಯಿ ಹೇಗೆ ಹುಟ್ಟಿತು ಎಂದು ಕೇಳು. 2005, ದಕ್ಷಿಣ ಕೊರಿಯಾದ ಸೋಲ್. ಅದೂ ಮುಧೋಳದಂತೆ ಓಟದ ತಳಿ, ಅಫ್ಘಾನ್ ಹೌಂಡ್. 1,095 ಭ್ರೂಣಗಳನ್ನು 123 ಹೆಣ್ಣು ನಾಯಿಗಳಿಗೆ ಆಪರೇಷನ್ ಮಾಡಿ ಇಟ್ಟರು. ಗರ್ಭ ನಿಂತದ್ದು ಮೂರರಲ್ಲಿ. ಹುಟ್ಟಿದ್ದು ಎರಡು ಮರಿ. ಒಂದು ಮೂರು ವಾರಕ್ಕೆ ನ್ಯುಮೋನಿಯಾದಿಂದ ಸತ್ತಿತು. ಉಳಿದ ಒಂದಕ್ಕೆ ಸ್ನಪ್ಪಿ ಎಂದು ಹೆಸರಿಟ್ಟರು. ಆಮೇಲೆ ವಿಧಾನ ಸುಧಾರಿಸಿದೆ, ಆದರೂ ಪ್ರತಿ ಸಲ ಬೇರೆ ನಾಯಿಗಳ ಹೊಟ್ಟೆ ಕೊಯ್ಯಲೇಬೇಕು. ಆ ನಾಯಿಗಳೂ ರಾಜಾನಂಥವೇ, ಯಾರಾದರೂ ಸಾಕಿದ್ದರೆ ಅವಕ್ಕೂ ಒಂದು ಹೆಸರು ಇರುತ್ತಿತ್ತು.

ಇಷ್ಟಾಗಿ ಹುಟ್ಟುವ ಮರಿ ರಾಜಾ ಆಗುವುದಿಲ್ಲ. ನಿನ್ನ ಸೈಕಲ್ ಹಿಂದೆ ಓಡಿದ್ದು ಅದಕ್ಕೆ ನೆನಪಿರುವುದಿಲ್ಲ.

ಮಗಳಿಗೆ ಕೂಡಿಸುವುದಂತೂ ಬೇಡವೇ ಬೇಡ. ಶುದ್ಧ ರಕ್ತ ಎಂಬ ಹಟದಲ್ಲಿ ತಂದೆ ಮಗಳು, ಅಣ್ಣ ತಂಗಿ ಕೂಡಿಸಿ ಕೂಡಿಸಿ ಮರಿ ಕಡಿಮೆಯಾದ, ಕುರುಡು ಕಿವುಡು ಹುಟ್ಟಿದ ಕೇಸುಗಳನ್ನು ನಾನು ನೋಡಿದ್ದೇನೆ. ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಸೇನೆಯೂ ತರಬೇತಿಗೆ ಒಯ್ದಿತು. ಇಂಥ ಹೆಸರಿನ ತಳಿಯನ್ನು ಸಾಕುವವರೇ ಕೆಡಿಸಬಾರದು. ತಿಮ್ಮಾಪುರದ ಶ್ವಾನ ಕೇಂದ್ರಕ್ಕೆ ಹೋಗಿ ಕೇಳು, ಸಂಬಂಧವಿಲ್ಲದ ಮನೆತನದ ಹೆಣ್ಣು ನಾಯಿ ಹುಡುಕು. ರಾಜಾನ ವಯಸ್ಸಿಗೆ ಈಗ ಬೇಕಿರುವುದು ದಪ್ಪ ಗೋಣಿತಾಟಿನ ಹಾಸಿಗೆ, ಮೆತ್ತನೆಯ ಊಟ. ಹಾಗೆಯೇ ಮೊಲದ ಬೇಟೆ ಕಾಯ್ದೆಯ ಪ್ರಕಾರ ಅಪರಾಧ, ಓಟ ತೋರಿಸಲು ಅದಕ್ಕೆ ಇಳಿಯಬೇಡ.

ಪ್ರಶ್ನೆ: ಕೋಡೇ ಬಾರದ ಆಕಳನ್ನು ಜೀನ್ ತಿದ್ದಿ ಮಾಡಿದ್ದಾರೆ ಎಂದು ಕೇಳಿದೆ. ನಿಜವೇ? ಒಳ್ಳೆಯದೇ?
– ಅಥಣಿ

ಉತ್ತರ: ನಿಜ. ಅಮೆರಿಕದಲ್ಲಿ 2015ರಲ್ಲಿ ಅಂಥ ಎರಡು ಹೋರಿಗರುಗಳು ಹುಟ್ಟಿದವು. ಕರುವಿನ ಕೋಡಿನ ಮೊಳಕೆಯನ್ನು ಕಾಯಿಸಿದ ಕಬ್ಬಿಣದಿಂದ ಸುಡುವುದು ಬಹಳ ನೋವಿನ ಕೆಲಸ, ಅದು ತಪ್ಪಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ 2019ರಲ್ಲಿ ಅಲ್ಲಿನ ಸರ್ಕಾರದ ತಜ್ಞರು ಪರೀಕ್ಷಿಸಿದಾಗ ಬ್ಯಾಕ್ಟೀರಿಯಾದ ಡಿಎನ್‌ಎ ತುಣುಕೂ ಒಳಗೆ ಸೇರಿಕೊಂಡಿತ್ತು. ಮಾಡಿದವರಿಗೇ ಅದು ಗೊತ್ತಾಗಿರಲಿಲ್ಲ. ಇಂಥ ಕೆಲಸವನ್ನು ಮಾಡಿದವರೇ ಪರೀಕ್ಷಿಸಿ ಸರಿ ಎಂದರೆ ನಾನು ಒಪ್ಪುವುದಿಲ್ಲ. ಸದ್ಯಕ್ಕೆ ನಿಮ್ಮ ಕರುವಿನ ಕೋಡು ಸುಡಿಸುವುದಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಡಿಸಿಯೇ ಮಾಡಿಸಿ.

ಪ್ರಶ್ನೆ: ಇದು ದನದ ಪ್ರಶ್ನೆಯಲ್ಲ, ಕ್ಷಮಿಸಿ. ನನ್ನ ತಾಯಿಗೆ ಎಪ್ಪತ್ತು ವರ್ಷ, ಸಕ್ಕರೆ ಕಾಯಿಲೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವರಲ್ಲ. ಇನ್ಸುಲಿನ್ ಹಂದಿಯಿಂದ ಮಾಡುತ್ತಾರೆ ಎಂದು ಯಾರೋ ಹೇಳಿದರು. ಎರಡು ದಿನದಿಂದ ಸೂಜಿ ಬೇಡ ಎನ್ನುತ್ತಿದ್ದಾರೆ.
– ಬೆಳಗಾವಿ

ಉತ್ತರ: ಹೇಳಿದವರು ಹಳೇ ಕಾಲದ ಮಾತು ಹೇಳಿದ್ದಾರೆ. ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಒಂದು ಕಿಲೋ ಇನ್ಸುಲಿನ್‌ಗೆ ಸುಮಾರು ಎಂಟು ಟನ್ ಗ್ರಂಥಿ ಬೇಕಾಗುತ್ತಿತ್ತು. 1982ರಲ್ಲಿ ಹೊಸ ದಾರಿ ಬಂತು. ಮನುಷ್ಯರ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದಲೇ ಮಾಡಿಸಿದರು. ಈಗ ಯೀಸ್ಟಿನಿಂದಲೂ ಮಾಡುತ್ತಾರೆ. ಜೀನ್ ತಂತ್ರಜ್ಞಾನ ಎಂದರೆ ಎಲ್ಲವೂ ಪ್ರಾಣಿಹಿಂಸೆ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. ಎಷ್ಟು ಹಂದಿ, ದನಗಳ ಮೇಲಿನ ಹೊರೆ ಇದರಿಂದ ಇಳಿಯಿತು ನೋಡಿ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿಯುವಾಗ ನಾಯಿಗಳು ಸತ್ತದ್ದೂ ನಿಜ. ನಾನು ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ತಾಯಿ ಕೇಳಿದರೆ ನೀವೂ ಮುಚ್ಚಿಡಬೇಡಿ, ಅವರಿಗೆ ತಿಳಿಯುತ್ತದೆ.

ಶೀಶೆಯನ್ನೋ ಪೆನ್ನನ್ನೋ ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿ. "ಆರ್‌ಡಿಎನ್‌ಎ" (rDNA, ಅಂದರೆ ಹೀಗೆ ಜೀನ್ ಸೇರಿಸಿ ಮಾಡಿದ್ದು) ಎಂದು ಬರೆದಿದ್ದರೆ ಅದು ಹಂದಿಯದ್ದಲ್ಲ. ಅವರಿಗೇ ತೋರಿಸಿ, ಓದಿ ಹೇಳಿ. ಎರಡು ದಿನ ತಪ್ಪಿದೆ ಎಂದಿದ್ದೀರಿ. ಹಾಗಾಗಿ ಪತ್ರಿಕೆಯಲ್ಲಿ ಬರುವವರೆಗೆ ಕಾಯದೆ ಈ ಉತ್ತರವನ್ನು ನಿಮಗೆ ಫೋನಿನಲ್ಲೇ ತಿಳಿಸಲು ಸಂಪಾದಕರಿಗೆ ಹೇಳಿದ್ದೇನೆ. ಇವತ್ತೇ ನಿಮ್ಮ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ಸೂಜಿ ಶುರು ಮಾಡಿಸಿ.